ನೀರು ಬಿಡುವವನ ರಜೆ

ಆ ದಿನ ಎಂದಿನಂತೆಯೇ ಇತ್ತು. ಸಾಗರದಿಂದ ಬರುವ ಬಸ್ಸಿನಿಂದಿಳಿದು ಪಂಚಾಯಿತಿ ಕಚೇರಿಯ ಬೀಗ ತೆಗೆಯಲು ಹೋದಾಗ ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಬೆಳಗಿನ ನೀರು ಬಿಟ್ಟು ಮುಗಿಸಿ ಬಂದಿದ್ದ. ಪ್ಯಾಂಟಿನ ಕಾಲು ಮೊಣಕಾಲವರೆಗೆ ಮಡಚಿತ್ತು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಪಕ್ಕದ ಗೋಡೆಗೆ ಒರಗಿತ್ತು.

ಬರುವ ವಾರದ ಸಭೆಯ ವಿಷಯಪಟ್ಟಿ ತಯಾರಾಯಿತಾ ಎಂದು ಕೇಳಿದ. ಆಗಿದೆ, ನಿನ್ನ ರಜೆಯದು ಏಳನೆಯದು ಎಂದೆ.

"ಏಳನೇದಾ? ಅಷ್ಟೊತ್ತಿಗೆ ಎಲ್ರೂ ಊಟಕ್ಕೆ ಏಳ್ತಾರೆ ಕಣೆ" ಎಂದು ನಕ್ಕ.

ಎರಡನೆಯದಕ್ಕೆ ಹಾಕುತ್ತೇನೆ ಎಂದೆ. ಬೇಡ, ಮೋಟರ್ ರಿಪೇರಿ ಎರಡನೆಯದಿರಲಿ, ಅದು ಸುಟ್ಟುಹೋದರೆ ನನಗೇ ತೊಂದರೆ ಎಂದ. ಫ್ಲಾಸ್ಕಿನಲ್ಲಿ ತಂದ ಚಹಾವನ್ನು ಇಬ್ಬರೂ ಕುಡಿದೆವು. ಅತ್ತಿಗೆ ತೀರ್ಥಹಳ್ಳಿಗೆ ಹೋಗಿ ಹದಿನೈದು ದಿನವಾಗಿತ್ತು. ಅಲ್ಲಿ ಅವರ ಮಗಳು ಹೆತ್ತಿದ್ದಳು. ಊಟಕ್ಕೆ ಏನು ಮಾಡಿಕೊಳ್ಳುತ್ತೀ ಎಂದು ಕೇಳಿದೆ, ಗಂಜಿ ಎಂದ. ನಾಳೆ ಮೀನು ಸಾರು ತರುತ್ತೇನೆ ಎಂದೆ. ಕೀಲಿಯನ್ನು ಹೆಗಲಿಗೇರಿಸಿಕೊಂಡು ಹೊರಟ. ಅಷ್ಟೇ. ಆ ದಿನದಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಬೇರೆ ಏನೂ ನಡೆಯಲಿಲ್ಲ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಪಂಚಾಯಿತಿ. ನಾನು ಅಲ್ಲಿ ಕ್ಲರ್ಕ್, ಕಂಪ್ಯೂಟರಿನ ಕೆಲಸವೂ ನನ್ನದೇ. ಅಣ್ಣ ಅಲ್ಲಿಯ ನೀರುಗಂಟಿ. ಬೆಳಿಗ್ಗೆ ಐದೂವರೆಗೆ ಮೋಟರ್ ಹಾಕಿ ಟ್ಯಾಂಕ್ ತುಂಬಿಸಬೇಕು. ಮೊದಲು ಮೇಲಿನ ಕೇರಿಗೆ ಬಿಡಬೇಕು, ಅದನ್ನು ಮುಚ್ಚಿ ಆಮೇಲೆ ಕೆಳಗಿನ ಕೇರಿಗೆ. ಸಂಜೆ ಮತ್ತೆ ಒಂದು ಸುತ್ತು. ಇಪ್ಪತ್ತೆಂಟು ವರ್ಷ ಅವನು ಈ ಕೆಲಸ ಮಾಡಿದ. ಅಷ್ಟು ವರ್ಷದಲ್ಲಿ ಒಂದು ರಾತ್ರಿಯೂ ಬೇರೆಯವರ ಮನೆಯಲ್ಲಿ ಮಲಗಿರಲಿಲ್ಲ. ಮಗಳ ಮದುವೆ ತೀರ್ಥಹಳ್ಳಿಯಲ್ಲಿ ಆಯಿತು. ಬೆಳಗಿನ ನೀರು ಬಿಟ್ಟು ಹೋದ, ಧಾರೆ ಎರೆದ, ಊಟ ಮಾಡಿ ಸಂಜೆಯ ನೀರಿಗೆ ವಾಪಸ್ಸು ಬಂದ. ಮದುವಣಗಿತ್ತಿಯ ಅಪ್ಪ ಎಲ್ಲಿ ಎಂದು ಬೀಗರು ಹುಡುಕುವಾಗ ಅವನು ಬಸ್ಸಿನಲ್ಲಿದ್ದ.

ನಾನು ಸಾಗರದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡು ಹನ್ನೊಂದು ವರ್ಷವಾಯಿತು. ಗೃಹಪ್ರವೇಶದ ಹಿಂದಿನ ದಿನವೇ ಬಂದಿರಬೇಕಾದವನು ಮರುದಿನ ಹತ್ತು ಗಂಟೆಗೆ ಬಂದ. ಅಂದಿನಿಂದ ನನಗೆ ಒಂದೇ ಆಸೆ. ಅಣ್ಣ ಒಂದು ರಾತ್ರಿ ನನ್ನ ಮನೆಯಲ್ಲಿ ಉಳಿಯಬೇಕು, ಬೆಳಿಗ್ಗೆ ತಾನಾಗಿ ಎಚ್ಚರವಾಗುವವರೆಗೆ ಮಲಗಬೇಕು. ದೊಡ್ಡ ಆಸೆಯೇನಲ್ಲ. ಬದಲಿ ಆಳು ಸಿಕ್ಕಿದರೆ ಆಗುತ್ತಿತ್ತು. ಆದರೆ ಬದಲಿ ಕೊಡಲು ಪಂಚಾಯಿತಿಯಲ್ಲಿ ಯಾರೂ ಇರಲಿಲ್ಲ, ಬದಲಿಗೆ ಬಂದವರಿಗೆ ಹಳೆಯ ಲೈನಿನ ಗುಟ್ಟು ತಿಳಿದಿರಲಿಲ್ಲ. ಒಮ್ಮೆ ಜ್ವರ ಬಂದು ಮಲಗಿದಾಗ ಬೇರೊಬ್ಬರು ಎರಡೂ ವಾಲ್ವ್ ಒಟ್ಟಿಗೆ ತೆಗೆದದ್ದರಿಂದ ಮೇಲಿನ ಕೇರಿಗೆ ಹನಿ ನೀರೂ ಏರಲಿಲ್ಲ. ಜ್ವರದಲ್ಲೇ ಕಂಬಳಿ ಹೊದ್ದು ಅಣ್ಣನೇ ಹೋದ.

ನಮ್ಮ ಮನೆಯ ಹಳೆಯ ವಿಷಯವನ್ನೂ ಹೇಳಬೇಕು. ಇಲ್ಲದಿದ್ದರೆ ಆ ರಜೆಯ ಬೆಲೆ ಗೊತ್ತಾಗುವುದಿಲ್ಲ. ಅಪ್ಪ ಮೇಲಿನ ಕೇರಿಯ ದೊಡ್ಡಮನೆಯಲ್ಲಿ ಜೀತಕ್ಕಿದ್ದ. ಅಜ್ಜನೂ ಅಲ್ಲೇ ಇದ್ದವನು. ಅಣ್ಣ ಆರನೆಯ ವಯಸ್ಸಿಗೆ ಅವರ ದನ ಕಾಯಲು ಹೋದ. ಜೀತ ನಿಲ್ಲಿಸುವ ಕಾನೂನು ಬಂದು ಒಂದೆರಡು ವರ್ಷದ ಮೇಲೆ ಸಾಗರದ ಉಪವಿಭಾಗಾಧಿಕಾರಿಯ ಎಸಿ ಕಚೇರಿಗೆ ಕರೆಸಿ ಅಪ್ಪನಿಗೆ ಬಿಡುಗಡೆಯ ಕಾಗದ ಕೊಟ್ಟರು. ನಾನು ಹುಟ್ಟಿದ್ದು ಅದರ ಮುಂದಿನ ವರ್ಷ. ಅಣ್ಣ ಬಿಡುಗಡೆಯಾದವನು, ನಾನು ಬಿಡುಗಡೆಯ ನಂತರದವಳು. ಅವನು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ನನ್ನನ್ನು ಪಿಯುಸಿಯವರೆಗೆ ಓದಿಸಿದ. ನನ್ನ ಬ್ಯಾಗನ್ನು ಹೊಳೆಯ ಕಾಲುಸಂಕದವರೆಗೆ ಹೊತ್ತುಕೊಂಡು ಬರುತ್ತಿದ್ದ.

ಹೋದ ವರ್ಷ ಜನವರಿಯ ಸಭೆಯಲ್ಲಿ ಅಧ್ಯಕ್ಷೆ ಒಂದು ವಿಷಯ ತಂದರು. ಪ್ರತಿ ವರ್ಷ ಫೆಬ್ರವರಿಯಲ್ಲಿ ಬರುವ ಜೀತ ವಿಮುಕ್ತಿ ದಿನಕ್ಕೆ ನಾವು ಕಚೇರಿಯಲ್ಲಿ ಕೈ ಮುಂದೆ ಚಾಚಿ ಪ್ರತಿಜ್ಞೆ ತೆಗೆದುಕೊಂಡು, ಫೋಟೋ ಹೊಡೆಸಿ, ತಾಲ್ಲೂಕು ಪಂಚಾಯಿತಿಗೆ ಕಳಿಸಿ ಸುಮ್ಮನಾಗುತ್ತಿದ್ದೆವು. ಈ ಸಲ ಸುಮ್ಮನಾಗುವುದು ಬೇಡ, ನಮ್ಮ ಆರು ಜನ ಸಿಬ್ಬಂದಿಯಲ್ಲಿ ನಾಲ್ವರು ಬಿಡುಗಡೆಯಾದ ಮನೆಯವರೇ ಇದ್ದಾರೆ, ಸಿಬ್ಬಂದಿ ಎಲ್ಲರಿಗೂ ಆ ದಿನ ಸಂಬಳ ಸಹಿತ ರಜೆ ಕೊಡೋಣ ಎಂದರು. ಸರ್ಕಾರದ ರಜಾಪಟ್ಟಿಯಲ್ಲಿ ಅದಿಲ್ಲವಲ್ಲ ಎಂದು ಯಾರೋ ಅಂದರು. ಇಲ್ಲದ್ದಕ್ಕೇ ಠರಾವು ಮಾಡುವುದು ಎಂದರು ಅಧ್ಯಕ್ಷೆ. ದೊಡ್ಡಮನೆಯ ಮೊಮ್ಮಗ ಈಗ ನಮ್ಮ ಸದಸ್ಯ. ಅವರು ತಲೆ ತಗ್ಗಿಸಿ ಕೂತಿದ್ದವರು ಮೊದಲು ಕೈ ಎತ್ತಿದರು. ಎಲ್ಲರೂ ಎತ್ತಿದರು.

ಠರಾವು ಟೈಪು ಮಾಡಿದವಳು ನಾನು. ಹೊಸ ಠರಾವನ್ನು ನಾವು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಹಳೆಯದೊಂದನ್ನು ತೆರೆದು ವಿಷಯ ಬದಲಾಯಿಸುತ್ತೇವೆ. ಊರ ಹಬ್ಬಕ್ಕೆ ಸ್ಥಳೀಯ ರಜೆ ಕೊಟ್ಟ ಠರಾವು ಸಿಕ್ಕಿತು. ಹಬ್ಬದ ಹೆಸರು ತೆಗೆದು ಜೀತ ವಿಮುಕ್ತಿ ದಿನ ಎಂದು ಹಾಕಿದೆ. ಕೊನೆಯ ಸಾಲು ಹಾಗೇ ಉಳಿಯಿತು: ಆದರೆ ಸಾರ್ವಜನಿಕರ ಕುಡಿಯುವ ನೀರಿನ ಸರಬರಾಜಿಗೆ ಯಾವುದೇ ವ್ಯತ್ಯಯವಾಗದಂತೆ ನೋಡಿಕೊಳ್ಳತಕ್ಕದ್ದು. ಸಭೆಯಲ್ಲಿ ಈ ಮಾತನ್ನು ಯಾರೂ ಆಡಿರಲಿಲ್ಲ. ಯಾರೂ ಕೇಳಿರಲಿಲ್ಲ. ನಾನು ಓದಿಯೂ ನೋಡಿದೆ. ಓದಿದಾಗ ಅದು ತಪ್ಪು ಅನ್ನಿಸಲಿಲ್ಲ, ಠರಾವು ಎಂದರೆ ಹೀಗೇ ಮುಗಿಯಬೇಕು ಅನ್ನಿಸಿತು. ಅಧ್ಯಕ್ಷೆ ಸಹಿ ಹಾಕಿದರು.

ಅಣ್ಣನಿಗೆ ರಜೆಯ ಸುದ್ದಿ ಮಾತ್ರ ಗೊತ್ತಿತ್ತು. ಹಿಂದಿನ ದಿನ ಸಂಜೆ ನನ್ನ ಜೊತೆ ಬಸ್ಸಿಗೆ ಬಂದು ರಾತ್ರಿ ಉಳಿಯುವುದು, ಮರುದಿನ ಸಂಜೆಗೆ ವಾಪಸ್ಸಾಗುವುದು ಎಂದು ಮಾತಾಯಿತು. ಸಾಗರದ ಪೇಟೆಯಲ್ಲಿ ಹೊಸ ಹಾಸಿಗೆ ತಂದು ಒಳಕೋಣೆಯಲ್ಲಿಟ್ಟೆ. ಪ್ಲಾಸ್ಟಿಕ್ ತೆಗೆಯಬೇಡಿ, ಅವನು ಬಂದ ಮೇಲೆ ತೆಗೆಯೋಣ, ಇಲ್ಲದಿದ್ದರೆ ಧೂಳು ಕೂರುತ್ತದೆ ಎಂದು ಮನೆಯವರಿಗೆ ಹೇಳಿದೆ. ಬೆಳಿಗ್ಗೆ ಏನು ಮಾಡುತ್ತೀ ಎಂದು ಅಣ್ಣನನ್ನು ಕೇಳಿದರೆ, ಐದು ಗಂಟೆಗೆ ಎದ್ದು, ಏನೂ ಕೆಲಸವಿಲ್ಲ ಎಂದು ನೆನಪು ಮಾಡಿಕೊಂಡು, ಮತ್ತೆ ಮಲಗುತ್ತೇನೆ ಎಂದ. ಆ ನೆನಪು ಮಾಡಿಕೊಳ್ಳುವುದಕ್ಕೇ ಏಳಬೇಕಂತೆ.

ಹಿಂದಿನ ದಿನ ಎರಡೂ ಕೇರಿಗೆ ಮಾಮೂಲಿಗಿಂತ ಹೆಚ್ಚು ಹೊತ್ತು ನೀರು ಬಿಟ್ಟ. ಮನೆಮನೆಗೆ ಹೋಗಿ ನಾಳೆಗೂ ತುಂಬಿಸಿಟ್ಟುಕೊಳ್ಳಿ ಎಂದು ಹೇಳಿಬಂದ. ರಜೆಯ ದಿನ ಕಚೇರಿ ಮುಚ್ಚುವುದರಿಂದ ಪ್ರತಿಜ್ಞೆಯನ್ನು ಹಿಂದಿನ ದಿನವೇ ಇಟ್ಟುಕೊಂಡಿದ್ದೆವು. ಅಣ್ಣ ಒಂದು ಕೈ ಚಾಚಿ ನಿಂತಿದ್ದ, ಇನ್ನೊಂದರಲ್ಲಿ ವಾಲ್ವಿನ ಕೀಲಿ ಇತ್ತು. ಕಾಲ ಬಳಿ ಬಟ್ಟೆಯ ಚೀಲ. ಅದರಲ್ಲಿ ಒಂದು ಅಂಗಿ, ಒಂದು ಲುಂಗಿ, ಟವೆಲ್ಲು, ಹೊಸ ಹಲ್ಲುಜ್ಜುವ ಬ್ರಷ್ಷು.

ಪ್ರತಿಜ್ಞೆ ಮುಗಿದ ಮೇಲೆ ಮೇಲಿನ ಕೇರಿಯ ಒಬ್ಬರು ಕಚೇರಿಗೆ ಬಂದರು. ನಾಳೆ ಅವರ ಮನೆಯಲ್ಲಿ ತಾಯಿಯ ವರ್ಷಾಬ್ದಿಕ, ಐವತ್ತು ಜನರ ಊಟ, ನೀರಿಲ್ಲದಿದ್ದರೆ ಹೇಗೆ ಎಂದು ಪಿಡಿಒ ಅವರನ್ನು ಕೇಳಿದರು. ಪಿಡಿಒ ಬೇರೆ ಜಿಲ್ಲೆಯಿಂದ ಬಂದ ಹುಷಾರಿನ ಮನುಷ್ಯ, ಏನಿದ್ದರೂ ಕಾಗದ ನೋಡಿ ಮಾತಾಡುವವರು. ಠರಾವಿನ ಪುಸ್ತಕ ತರಿಸಿ ಓದಿದರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. ಆಮೇಲೆ ಅಣ್ಣನ ಕಡೆ ನೋಡಿ, ಬರವಣಿಗೆಯಲ್ಲಿ ಹೀಗಿದೆ, ನಾಳೆ ಯಾರಾದರೂ ಅರ್ಜಿ ಹಾಕಿದರೆ ನಾನು ಉತ್ತರ ಕೊಡಬೇಕಾಗುತ್ತದೆ ಎಂದರು. ದನಿಯಲ್ಲಿ ಬೇಸರವೇ ಇತ್ತು.

ಅಣ್ಣ ನನ್ನ ಮೇಜಿನ ಹತ್ತಿರ ಬಂದ.

"ನೀನೇ ಬರ್ದಿದ್ದಾ?"

"ನಾನೇ. ಹಳೇದ್ರಲ್ಲಿತ್ತು, ಹಂಗೇ ಬಂತು."

ಅವನು ಚೀಲವನ್ನು ಮೇಲೆತ್ತಿದ. "ಬರೆಯೂದ್ ಕಲ್ಸಿದ್ದು ನಾನೇ ಅಲ್ದನೆ, ಯಾರಿಗ್ ಬೈಯೂದು" ಎಂದು ನಕ್ಕ. ಚೀಲವನ್ನು ನನ್ನ ಮೇಜಿನ ಮೇಲಿಟ್ಟ. "ಇದನ್ನ ನೀ ತಗಂಡ್ ಹೋಗು. ನಾ ಬೆಳಿಗ್ಗೆ ಹತ್ತರ ಬಸ್ಸಿಗೆ ಬತ್ತೀನಿ."

ಅವನು ಬಯ್ದಿದ್ದರೆ ಒಳ್ಳೆಯದಿತ್ತು. ನಾನು ಆ ಸಾಲು ಹೊಡೆದುಹಾಕಿಬಿಡುತ್ತೇನೆ ಎಂದು ಪಿಡಿಒ ಅವರ ಮುಂದೆ ನಿಂತೆ. ಸಹಿಯಾದ ಠರಾವನ್ನು ತಿದ್ದುವಂತಿಲ್ಲ, ಇನ್ನೊಂದು ಸಭೆಯಲ್ಲಿ ಇನ್ನೊಂದು ಠರಾವೇ ಆಗಬೇಕು ಎಂದರು. ಅದು ನನಗೂ ಗೊತ್ತಿದ್ದ ನಿಯಮ. ನಾನೇ ಎಷ್ಟೋ ಜನರಿಗೆ ಕಿಟಕಿಯಲ್ಲಿ ಹೇಳಿದ್ದೆ.

ರಜೆಯ ದಿನ ನಾನು ಮನೆಯಲ್ಲಿದ್ದೆ. ಆರು ಜನರಲ್ಲಿ ಐವರಿಗೆ ರಜೆ ಸಿಕ್ಕಿತ್ತು. ಅಣ್ಣ ಹನ್ನೊಂದೂವರೆಗೆ ಬಂದ. ಮೀನು ಹುರಿದಿದ್ದೆ. ಊಟಕ್ಕೆ ಕೂತಾಗ, ಅಪ್ಪನ ಜೊತೆ ಎಸಿ ಕಚೇರಿಗೆ ಬಂದ ದಿನವನ್ನು ಹೇಳಿದ. ಅದು ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ಮೊದಲೂ ಹೇಳಿದ್ದ, ಆದರೆ ಪೂರ್ತಿ ಹೇಳಿದ್ದು ಅವತ್ತೇ. ಕಾಗದ ಕೊಟ್ಟ ಅಧಿಕಾರಿ ಇನ್ನು ಮೇಲೆ ನೀವು ಎಲ್ಲಿ ಬೇಕಾದರೂ ಹೋಗಬಹುದು ಎಂದರಂತೆ. ಹೊರಗೆ ಬಂದು ಅಪ್ಪ ಬೇಲಿಯ ಹತ್ತಿರ ಬಹಳ ಹೊತ್ತು ನಿಂತನಂತೆ. ಇಕ್ಕೇರಿಯ ದೇವಸ್ಥಾನ ಹತ್ತಿರವಿದೆ, ನೋಡಿಕೊಂಡು ಹೋಗೋಣವಾ ಎಂದು ಅಣ್ಣ ಕೇಳಿದನಂತೆ. ಅಪ್ಪ, ಹೊತ್ತಾಯ್ತು, ದನ ಕೂಗ್ತಾ ಇರ್ತಾವೆ ಎಂದನಂತೆ. ಇಬ್ಬರೂ ಕಾಗದವನ್ನು ಅಂಗಿಯೊಳಗಿಟ್ಟುಕೊಂಡು ನೇರ ದೊಡ್ಡಮನೆಯ ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕಿದರಂತೆ.

"ಆವತ್ತು ಅವ್ರು ಹಾಕಿ ಅಂದಿರ್ಲಿಲ್ಲ ಗೊತ್ತಾ" ಎಂದ ಅಣ್ಣ. "ಯಾರೂ ಎಂತದೂ ಹೇಳಿರ್ಲಿಲ್ಲ. ನಾವೇ ಹೋಗಿದ್ದು."

ಎರಡೂವರೆಗೆ ಗಡಿಯಾರ ನೋಡತೊಡಗಿದ. ಸಂಜೆಯ ನೀರು. ಒಳಕೋಣೆಯ ಹಾಸಿಗೆಯನ್ನು ಬಾಗಿಲಲ್ಲೇ ನಿಂತು ನೋಡಿದ, ಪ್ಲಾಸ್ಟಿಕ್ಕಿನ ಮೇಲೆ ಕೈಯೊತ್ತಿ ಮೆತ್ತಗಿದೆ ಎಂದ. ಚೀಲ ತೆಗೆದುಕೊಂಡು ಹೋಗು ಎಂದರೆ, ಇಲ್ಲೇ ಇರಲಿ ಬಿಡು, ಮುಂದಿನ ವರ್ಷಕ್ಕೆ ಬೇಕಾಗುತ್ತದೆ ಎಂದ. ಬಾಗಿಲ ಹಿಂದಿನ ಮೊಳೆಗೆ ತಾನೇ ತೂಗುಹಾಕಿ ಮೂರರ ಬಸ್ಸಿಗೆ ಹೋದ. ಮರುದಿನ ಹಾಜರಿ ಪುಸ್ತಕದಲ್ಲಿ ಐದು ಹೆಸರಿನ ಮುಂದೆ ರಜೆ ಎಂದೂ ಒಂದು ಹೆಸರಿನ ಮುಂದೆ ಹಾಜರು ಎಂದೂ ಬರೆದೆ.

ಮುಂದಿನ ಸಭೆಯಲ್ಲೇ ತಿದ್ದುಪಡಿ ತರುತ್ತೇನೆ ಎಂದು ಮನಸ್ಸಿನಲ್ಲಿ ಹಟವಿತ್ತು. ಮಾರ್ಚಿನ ಸಭೆಗೆ ಕೋರಂ ಆಗಲಿಲ್ಲ. ಆಮೇಲಿನದರಲ್ಲಿ ವಿಷಯ ಬಂತು, ಒಂದು ದಿನ ಪೂರ್ತಿ ನೀರು ನಿಲ್ಲಿಸುವುದು ಹೇಗೆ, ಬದಲಿ ವ್ಯವಸ್ಥೆ ಆಗಲಿ ಎಂದು ಮುಂದೂಡಿದರು. ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮಳೆಗಾಲದಲ್ಲಿ ಆಗುಂಬೆ ಕಡೆಯಿಂದ ಬದಲಿಗೆಂದು ಒಬ್ಬನನ್ನು ಕರೆಸಿದರು, ಅವನು ಮೂರು ದಿನ ಇದ್ದು ಹೋದ. ನಾನು ಪ್ರತಿ ತಿಂಗಳೂ ವಿಷಯಪಟ್ಟಿಯ ಕೊನೆಗೆ ಅದನ್ನು ಸೇರಿಸುತ್ತಿದ್ದೆ, ಪ್ರತಿ ತಿಂಗಳೂ ಸಮಯ ಮುಗಿಯುತ್ತಿತ್ತು. ಅಣ್ಣನೇ ಒಮ್ಮೆ, ಬಿಡೇ ಮಾರಾಯ್ತಿ, ಇನ್ನೊಂದು ವರ್ಷಕ್ಕೆ ರಿಟೈರ್ ಆಗ್ತೀನಿ, ಆಮೇಲೆ ನಿನ್ನ ಮನೆಯಲ್ಲೇ ಬಿದ್ದಿರ್ತೀನಿ, ನೀನೇ ಓಡಿಸ್ತೀಯ ಎಂದ. ದೀಪಾವಳಿ ಕಳೆದು ಮಗಳಿಗೆ ಗಂಡು ಮಗುವಾಯಿತು. ತೀರ್ಥಹಳ್ಳಿಗೆ ಹೋಗಿ ಮೊಮ್ಮಗನನ್ನು ಎತ್ತಿಕೊಂಡು ಎರಡು ಗಂಟೆಯಿದ್ದು ಬಂದ. ಅತ್ತಿಗೆ ಅಲ್ಲೇ ಉಳಿದಳು.

ಹೀಗೆ ಮೊದಲು ಹೇಳಿದ ಆ ಎಂದಿನಂಥ ದಿನ ಬಂತು, ಹೋಯಿತು.

ಮರುದಿನ ಬೆಳಿಗ್ಗೆ ಆರೂವರೆಗೆ ನಾನು ಮೀನು ಸಾರನ್ನು ಡಬ್ಬಿಗೆ ಹಾಕುತ್ತಿದ್ದಾಗ ಮೊದಲ ಫೋನು ಬಂತು. ಮೇಲಿನ ಕೇರಿಯಿಂದ. ನೀರು ಬಂದಿಲ್ಲ, ನಿಮ್ಮಣ್ಣ ಫೋನು ಎತ್ತುತ್ತಿಲ್ಲ. ಕರೆಂಟು ಇರಲಿಕ್ಕಿಲ್ಲ, ಬರುತ್ತದೆ ಎಂದೆ. ಹತ್ತು ನಿಮಿಷಕ್ಕೆ ಇನ್ನೊಬ್ಬರು ಮಾಡಿದರು. ಕರೆಂಟು ಇದೆ ಎಂದರು. ನಾನು ಅಣ್ಣನಿಗೆ ಮಾಡಿದೆ, ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಆಗ ನನಗೆ ಬಂದ ಯೋಚನೆಯನ್ನು ಇಲ್ಲಿ ಬರೆಯಬೇಕು, ಯಾರ ಹತ್ತಿರವೂ ಹೇಳಿಲ್ಲ. ಕೊನೆಗೂ ಹೇಳದೆ ಕೇಳದೆ ರಾತ್ರಿಯ ಬಸ್ಸಿಗೆ ಮೊಮ್ಮಗನನ್ನು ನೋಡಲು ಹೋಗಿದ್ದಾನೆ, ಅಲ್ಲೇ ಮಲಗಿಬಿಟ್ಟಿದ್ದಾನೆ ಅಂದುಕೊಂಡೆ. ಖುಷಿಯಾಯಿತು. ಮೂರನೆಯ ಫೋನಿಗೆ ಸ್ವಲ್ಪ ಗಟ್ಟಿಯಾಗಿಯೇ, ಒಂದು ದಿನ ಸುಧಾರಿಸಿಕೊಳ್ಳಿ ಎಂದುಬಿಟ್ಟೆ.

ನಾಲ್ಕನೆಯದು ಅಣ್ಣನ ಪಕ್ಕದ ಮನೆಯಾಕೆಯದು. ನಾನಾಗ ಬಸ್ಸಿನಲ್ಲಿದ್ದೆ. "ಅಕ್ಕಾ, ನೀವು ಬೇಗ ಬನ್ನಿ" ಎಂದಳು. ಅಷ್ಟೇ ಹೇಳಿದಳು. ಅವಳು ಕಿಟಕಿಯಲ್ಲಿ ನೋಡಿದಾಗ ಅಣ್ಣ ಮಲಗಿದ್ದನಂತೆ, ಫೋನಿನ ಅಲಾರಾಂ ಹೊಡೆದುಕೊಳ್ಳುತ್ತಿತ್ತಂತೆ. ಬೆಳಗಿನ ಜಾವ ಹೃದಯ ನಿಂತಿರಬೇಕು ಎಂದರು ಡಾಕ್ಟರು. ಅವನು ಹೋದದ್ದು ಊರಿಗೆ ತಿಳಿದದ್ದು ನಲ್ಲಿಯಲ್ಲಿ ನೀರು ಬಾರದೆ.

ಅತ್ತಿಗೆ, ಮಗಳು ತೀರ್ಥಹಳ್ಳಿಯಿಂದ ಬರಬೇಕಿತ್ತು. ಅವರಿಗಾಗಿ ಕಾಯುತ್ತಾ ಅಂಗಳದಲ್ಲಿ ಕೂತಿದ್ದೆವು. ಮೈ ತೊಳೆಸಲು ನೀರು ಬೇಕಿತ್ತು, ಬ್ಯಾರೆಲ್ಲಿನಲ್ಲಿ ಒಂದು ಕೊಡವೂ ಇರಲಿಲ್ಲ. ನೀರು ಬಿಡುವವನ ಮನೆಯಲ್ಲಿ ನೀರು ಹಿಡಿದಿಡುವ ಅಭ್ಯಾಸವಿರಲಿಲ್ಲ. ಆಗ ದೊಡ್ಡಮನೆಯ ಸದಸ್ಯರು ಬಂದರು. ಹಾರ ಇಟ್ಟು ಕೈಮುಗಿದರು. ಹೋಗುವಾಗ ನನ್ನ ಹತ್ತಿರ ಬಗ್ಗಿದರು.

"ಅಕ್ಕಾ, ಕೇಳೋ ಹೊತ್ತಲ್ಲ ಇದು. ವಾಲ್ವ್ ಎಷ್ಟು ಸುತ್ತು ಅಂತ ನಿಮಗೇನಾರೂ ಗೊತ್ತುಂಟಾ? ಶಾಲೇಲೂ ನೀರಿಲ್ಲ."

ಗೊತ್ತಿತ್ತು. ಚಹಾ ಕುಡಿಯುವಾಗ ಅವನು ಎಷ್ಟು ಸಲ ಹೇಳಿಲ್ಲ. ಮೇಲಿನದು ಮೊದಲು, ಹನ್ನೊಂದು ಸುತ್ತು, ಮುಕ್ಕಾಲು ಗಂಟೆ. ಅದನ್ನು ಪೂರ್ತಿ ಮುಚ್ಚಿದ ಮೇಲೆ ಕೆಳಗಿನದು. ಹೇಳಿ ಕಳಿಸಿದ್ದರೆ ಅವರು ಯಾರಿಂದಲೋ ಮಾಡಿಸುತ್ತಿದ್ದರು. ನಾನು ಹೇಳಲಿಲ್ಲ. ಎದ್ದೆ, ಬಾಗಿಲ ಹಿಂದಿನ ಕೀಲಿ ತೆಗೆದುಕೊಂಡೆ, ಟ್ಯಾಂಕಿನ ಹತ್ತಿರ ಹೋದೆ. ಮೋಟರ್ ಹಾಕಿ ಕಾದೆ. ಕಲ್ಲು ಚಪ್ಪಡಿ ಸರಿಸಿ ಗುಂಡಿಗಿಳಿದೆ. ಕೀಲಿ ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹನ್ನೊಂದು ಸುತ್ತು ಎಣಿಸಿ ತಿರುಗಿಸಿದೆ. ಪೈಪಿನಲ್ಲಿ ಗಾಳಿ ಸದ್ದು ಮಾಡಿ ಆಮೇಲೆ ನೀರು ಓಡಿತು. ಅಣ್ಣ ಹೆಣವಾಗಿ ಮಲಗಿರುವಾಗ ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆ. ಎದ್ದು ಬರಬಹುದಿತ್ತು. ಯಾರೂ ಕೂರು ಎಂದಿರಲಿಲ್ಲ.

ಕೆಳಗಿನ ಕೇರಿಗೆ ಬಿಟ್ಟ ನೀರಲ್ಲೇ ಅವನ ಮೈ ತೊಳೆಸಿದೆವು. ಸಂಜೆಗೆ ಮಣ್ಣು ಮಾಡಿದೆವು.

ಮುಂದಿನ ವಾರದ ಸಭೆ ಮುಂದೆ ಹೋಗಲಿಲ್ಲ. ಅಂದು ಕೋರಂ ಪೂರ್ತಿ ಇತ್ತು. ಎರಡು ನಿಮಿಷ ಎದ್ದು ನಿಂತು ಮೌನ ಆಚರಿಸಿದರು. ಕೂತ ಮೇಲೆ ಅಧ್ಯಕ್ಷೆ ವಿಷಯಪಟ್ಟಿ ನೋಡದೆ ತಿದ್ದುಪಡಿಯ ಮಾತೆತ್ತಿದರು. ಚರ್ಚೆಯೇ ಆಗಲಿಲ್ಲ. ಬದಲಿ ವ್ಯವಸ್ಥೆ ಹೇಗೆ ಎಂದು ಯಾರೂ ಕೇಳಲಿಲ್ಲ. ಈ ಸಲ ಹಳೆಯ ಠರಾವು ತೆರೆಯದೆ ಬರೆದೆ. ಜೀತ ವಿಮುಕ್ತಿ ದಿನದಂದು ನೀರುಗಂಟಿಯೂ ಸೇರಿದಂತೆ ಎಲ್ಲ ಸಿಬ್ಬಂದಿಗೆ ಸಂಬಳ ಸಹಿತ ರಜೆ. ಆ ದಿನ ನೀರು ಸರಬರಾಜು ಇರುವುದಿಲ್ಲ. ಸಾರ್ವಜನಿಕರು ಹಿಂದಿನ ದಿನವೇ ನೀರು ತುಂಬಿಸಿಟ್ಟುಕೊಳ್ಳತಕ್ಕದ್ದು. ಮೂರು ವಾಕ್ಯ. ಹತ್ತು ತಿಂಗಳು ಬೇಕಾಯಿತು, ಒಬ್ಬ ಮನುಷ್ಯನೂ ಬೇಕಾದ. ಅನುಕಂಪದ ಮೇಲೆ ಅವನ ಕೆಲಸ ಅಳಿಯನಿಗೆ ಸಿಗುತ್ತದೆ ಎಂದು ಕೆಲವರು ಹೇಳಿದರು. ಮಗಳು ಬೇಡ ಎಂದಳು. ಅಪ್ಪ ಬಿಟ್ಟ ನೀರು ಸಾಕು ಎಂದಳು.

ಈ ವರ್ಷ ಆ ದಿನ ಬಂತು. ಹೊಸ ನೀರುಗಂಟಿ ಹೆಂಡತಿಯನ್ನು ಕರೆದುಕೊಂಡು ಜೋಗಕ್ಕೆ ಹೋದ. ಕಚೇರಿಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ. ಫೆಬ್ರವರಿಯ ಜೋಗದಲ್ಲಿ ಒಂದು ಎಳೆ ನೀರೂ ಬೀಳುತ್ತಿರಲಿಲ್ಲ, ಬರೀ ಬಂಡೆಯ ಮುಂದೆ ಇಬ್ಬರೂ ನಗುತ್ತಾ ನಿಂತಿದ್ದರು. ಊರಿನಲ್ಲಿ ಎಲ್ಲರೂ ಹಿಂದಿನ ದಿನವೇ ನೀರು ಹಿಡಿದಿಟ್ಟಿದ್ದರು. ನನಗೆ ಒಂದು ಫೋನೂ ಬರಲಿಲ್ಲ. ಒಂದು ದಿನ ನೀರು ಬಿಡದಿದ್ದರೆ ಏನಾಗುತ್ತದೆ ಎಂದು ನಾವೆಲ್ಲ ಹೆದರಿದ್ದೆವೋ ಅದೇನೂ ಆಗಲಿಲ್ಲ.

ನಾನು ಸಾಗರದ ಮನೆಯಲ್ಲಿದ್ದೆ. ಐದು ಗಂಟೆಗೇ ಎಚ್ಚರವಾಯಿತು. ಮತ್ತೆ ಮಲಗಲು ನೋಡಿದೆ, ಆಗಲಿಲ್ಲ. ಒಳಕೋಣೆಗೆ ಹೋದೆ. ಚೀಲ ಮೊಳೆಯಲ್ಲೇ ಇದೆ, ಬ್ರಷ್ಷನ್ನು ಪೊಟ್ಟಣದಿಂದ ತೆಗೆದಿಲ್ಲ. ಹಾಸಿಗೆಯ ಪ್ಲಾಸ್ಟಿಕ್ ತೆಗೆಯೋಣವೇ ಎಂದು ಮನೆಯವರು ಮೊನ್ನೆ ಕೇಳಿದರು, ಇರಲಿ ಬಿಡಿ ಎಂದೆ. ಈಗಿನ ಠರಾವಿನಲ್ಲಿ ಸೇರಿಸಬೇಕಾದ್ದು ಏನೂ ಉಳಿದಿಲ್ಲ, ತೆಗೆಯಬೇಕಾದ್ದೂ ಉಳಿದಿಲ್ಲ.

ಅಣ್ಣ ನನ್ನ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿಲ್ಲ.